ತೋಳ ಸರದಿ ಮೇಲೆ ಬರುವುದಿಲ್ಲ

ಎಪ್ಪತ್ತರ ದಶಕದಲ್ಲಿ ಹಿರಿಯೂರಿನ ಟಾಕೀಸಿಗೆ ಹಾಂಗ್‌ಕಾಂಗಿನ ಕರಾಟೆ ಸಿನಿಮಾವೊಂದು ಬಂದಿತ್ತು. ಕಾಲೇಜು ಓದುತ್ತಿದ್ದ ನಾನು, ಕುರಿ ಕಾಯುವ ನನ್ನ ಸೋದರಮಾವನನ್ನು ಮ್ಯಾಟಿನಿಗೆ ಎಳೆದುಕೊಂಡು ಹೋದೆ. ಅವನಿಗೆ ಹಿಡಿಸದಿದ್ದರೆ ಎಂಬ ಚಿಂತೆಯಲ್ಲಿ ಪರದೆಗಿಂತ ಅವನ ಮುಖವನ್ನೇ ಹೆಚ್ಚು ನೋಡಿದೆ.

ನಾಯಕನನ್ನು ಹತ್ತಿಪ್ಪತ್ತು ಮಂದಿ ಸುತ್ತುವರಿದರು. ಆಮೇಲೆ ಒಬ್ಬೊಬ್ಬರಾಗಿ ಬಂದು ಒದೆಸಿಕೊಂಡರು.

"ತೋಳ ಹಿಂಗೆ ಸರದಿ ಮೇಲೆ ಬರಲ್ಲಪ್ಪ," ಎಂದ ಮಾವ. "ಒಂದು ಎದುರಿಗೆ ನಿಂತ್ರೆ ಇನ್ನೊಂದು ಹಿಂದಿಂದ ಮರಿ ಎತ್ಕಂಡು ಹೋಗಿರ್ತೈತೆ."

ಇನ್ನೇನು ಎದ್ದು ಹೋಗುತ್ತಾನೆ ಎಂದುಕೊಂಡೆ. ಅವನು ಮುಂದಕ್ಕೆ ಬಾಗಿ ಕುಳಿತ.

"ಕಥೆ ಬರೀ ಸುಳ್ಳು. ಆ ಕಾಲು ಮಾತ್ರ ಸುಳ್ಳಲ್ಲ ಕಣೋ," ಎಂದ, ಹೊರಗೆ ಬಂದ ಮೇಲೆ. "ಹೆಂಗೆ ಊರಿ ನಿಲ್ತಾನೆ. ನಾಳೆ ಇನ್ನೊಂದ್ಸಲ ಬರಾಣ."

"ಪರೀಕ್ಷೆ ಐತೆ ಮಾವ, ಮುಗೀಲಿ," ಎಂದೆ.

ಪರೀಕ್ಷೆ ಮುಗಿಯುವಷ್ಟರಲ್ಲಿ ಸಿನಿಮಾ ಎತ್ತಿದ್ದರು, ಮಾವ ಕುರಿ ಹೊಡೆದುಕೊಂಡು ಬೇರೆ ಸೀಮೆಗೆ ಹೋಗಿದ್ದ. ಮತ್ತೆಂದೂ ನಾವು ಜೊತೆಯಲ್ಲಿ ಸಿನಿಮಾ ನೋಡಲಿಲ್ಲ. ಸಿನಿಮಾ ಬಿಟ್ಟು ಓದಿಯೂ ಆ ಪರೀಕ್ಷೆಯಲ್ಲಿ ನಾನು ಫೇಲಾದೆ.

ಈಗಲೂ ಟೀವಿಯಲ್ಲಿ ಅಂಥ ಹೊಡೆದಾಟ ಬಂದು, ಖಳರು ತಮ್ಮ ಸರದಿಗೆ ಕಾಯತೊಡಗಿದರೆ ನಾನು ಪಕ್ಕಕ್ಕೆ ತಿರುಗುತ್ತೇನೆ. ತಕರಾರು ತೆಗೆಯಲು ಅಲ್ಲಿ ಯಾರೂ ಇರುವುದಿಲ್ಲ.