ಕಾಫಿ ಹುರಿಯಲು ಹೋದ ಕೋಟ್ರೇಶ

ಹಗರಿಬೊಮ್ಮನಹಳ್ಳಿಯಲ್ಲಿ ಬೆಳಿಗ್ಗೆ ಏಳರ ಬಸ್ಸು ಹತ್ತಿದಾಗ ನಾನೇಕೆ ಹೊರಟಿದ್ದೇನೆಂಬುದೇ ನನಗೆ ಸರಿಯಾಗಿ ತಿಳಿದಿರಲಿಲ್ಲ. ನಾನು ಹುಟ್ಟಾ ಚಹಾ ಕುಡಿಯುವವನು. ಅಂಥವನನ್ನು ಗೆಳೆಯ ಕೋಟ್ರೇಶ ಎರಡು ಸಲ ಫೋನು ಮಾಡಿ, ಕೂಡ್ಲಿಗಿಯಲ್ಲಿ ಕಾಫಿ ಹುರಿಯುವ ಕಡೆ ಹೋಗೋಣ ಬಾ ಎಂದು ಕರೆದಿದ್ದ. ಕೊಟ್ಟೂರಿಗೆ ನಲವತ್ತು ರೂಪಾಯಿ ಟಿಕೆಟ್ಟು. ಚಳಿ ಇನ್ನೂ ಬಿಟ್ಟಿರಲಿಲ್ಲ.

ಕೊಟ್ಟೂರಿನಲ್ಲಿ ಕೋಟ್ರೇಶ ಇಸ್ತ್ರಿ ಅಂಗಿ ತೊಟ್ಟು ನಿಂತಿದ್ದ. ಇಪ್ಪತ್ತು ವರ್ಷ ಮಂಡಕ್ಕಿ ಭಟ್ಟಿಯಲ್ಲಿ ಅಕ್ಕಿ ಹುರಿದವನು. ಭಟ್ಟಿಗೆ ಯಂತ್ರ ಬಂದು ಅವನ ಕೆಲಸ ಹೋಗಿತ್ತು. ಚಿಕ್ಕಮಗಳೂರಿನಲ್ಲಿ ಬಹಳ ಕಾಲ ಕಾಫಿ ಹುರಿದು ಊರಿಗೆ ಮರಳಿದ್ದ ಸಿದ್ಧಲಿಂಗಪ್ಪನವರು ಕೂಡ್ಲಿಗಿಯ ಗುಡೇಕೋಟೆ ರಸ್ತೆಯಲ್ಲಿ ಶೆಡ್ಡು ಹಾಕಿ, ಹಂಪಿ ಕಡೆಯ ಹೋಟೆಲುಗಳಿಗೆ ಚಿಕೋರಿ ಬೆರೆಸದ, ಆಯ್ದ ಬೀಜದ ಕಾಫಿ ಕಳಿಸುತ್ತಿದ್ದರು. ಅವರಿಗೆ ಹುರಿಯಲು ಒಬ್ಬ ಆಳು ಬೇಕಿತ್ತು. ಇವತ್ತು ಒಂದು ಒಬ್ಬೆ ಬೀಜ ಹುರಿಸಿ ನೋಡುವವರಿದ್ದರು. ಈ ಕೆಲಸ ಸಿಗದಿದ್ದರೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರು ಬಿಡುವುದೇ ಎಂದು ಕೋಟ್ರೇಶ ಹೇಳಿದ.

ಮಿರ್ಚಿ ಮಂಡಕ್ಕಿ ತಿನ್ನುವಾಗ, ಹಳೆಯ ಎಣ್ಣೆಯ ವಾಸನೆ ಬರುತ್ತಿದೆಯೇ ಎಂದು ಕೇಳಿದ. ಬಾಯಲ್ಲಿ ಮಿರ್ಚಿ ಇಟ್ಟುಕೊಂಡು ನನ್ನನ್ನು ಕೇಳುತ್ತಾನಲ್ಲ! ಕೂಡ್ಲಿಗಿ ಬಸ್ಸಿನಲ್ಲೂ ಅದೇ ಪಾಠ: ಡೀಸೆಲ್ ವಾಸನೆ ಇದೆಯೇ, ಪಕ್ಕದವರ ಬುಟ್ಟಿಯಲ್ಲಿರುವುದು ಬೆಳ್ಳುಳ್ಳಿಯೇ? ನನಗೆ ರೇಗಿತು.

ಆಗ ಹೇಳಿದ. "ಜ್ವರ ಬಂದು ಹೋದಾಗಿಂದ ನನ್ನ ಮೂಗು ಸತ್ತೈತಿ ಲೇ. ಒಂದು ದಿನ ನಿನ್ನ ಮೂಗು ಕೊಡು."

ಕಾಫಿ ಹದಕ್ಕೆ ಬಂದ ವಾಸನೆ ಹೊಡೆದಾಗ ನಾನು ಕೆಮ್ಮಬೇಕಂತೆ. ಹದದ ವಾಸನೆ ಎಂಥದ್ದೆಂದು ಚಹಾದವನಿಗೆ ಹೇಗೆ ಗೊತ್ತಾಗಬೇಕು? ಹಿರಿಯರೊಬ್ಬರಿಗೆ ಮೋಸ ಮಾಡುವುದು ಬೇರೆ. ಹೂಂ ಅಂದೆನೋ, ಉಹೂಂ ಅಂದೆನೋ, ಈಗಲೂ ನೆನಪಿಲ್ಲ.

ಶೆಡ್ಡಿನಲ್ಲಿ ಸಿದ್ಧಲಿಂಗಪ್ಪನವರು ರುಚಿ ನೋಡಲು ಮೂರು ಬಟ್ಟಲು ಕಾಫಿ ಇಟ್ಟರು. ಹಾಲಿಲ್ಲ, ಸಕ್ಕರೆಯಿಲ್ಲ. ಚಮಚದಿಂದ ಸೊರ್ರನೆ ಎಳೆದು ಬಕೆಟ್ಟಿಗೆ ಉಗುಳಬೇಕಂತೆ. ಬಂದವರಿಗೆಂದು ಕೊಟ್ಟದ್ದನ್ನು ಕೊಟ್ಟವರ ಮುಂದೆಯೇ ಉಗುಳುವುದು ಹೇಗೆ? ಮೂರನ್ನೂ ನುಂಗಿದೆ. ಒಂದು ಹುಣಸೆಹಣ್ಣಿನಂತೆ ಹುಳಿ, ಅದೇ ಎಲ್ಲಕ್ಕಿಂತ ಒಳ್ಳೆಯದಂತೆ. ಯಾವುದರ ವಾಸನೆ ಚೆನ್ನ ಎಂದು ಕೇಳಿದಾಗ ಕೋಟ್ರೇಶ ನನ್ನ ಮುಖ ನೋಡಿದ. ನಾನು ಎರಡನೆಯದರತ್ತ ಕಣ್ಣು ಹೊರಳಿಸಿದೆ, ಅವನು ಎರಡನೆಯದು ಅಂದ. ಯಜಮಾನರು ಎದ್ದು ಹುರಿಯುವ ಡ್ರಮ್ಮಿನ ಕೆಳಗೆ ಬೆಂಕಿ ಹೊತ್ತಿಸಿದರು.

ಬೀಜ ಡ್ರಮ್ಮಿಗೆ ಬಿತ್ತು. ಮೊದಲು ಒಣ ಹುಲ್ಲಿನ ವಾಸನೆ, ಆಮೇಲೆ ರೊಟ್ಟಿಯದು, ಆಮೇಲೆ ಏನೇನೋ. ಈಗ ಕೆಮ್ಮಲೋ, ಆಗಲೇ ಕೆಮ್ಮಬೇಕಿತ್ತೋ ಎಂದು ನಾನು ಒದ್ದಾಡುತ್ತಿರುವಾಗ ಕೋಟ್ರೇಶ ಮಂಡಕ್ಕಿ ಭಟ್ಟಿಯ ಮುಂದೆ ನಿಲ್ಲುತ್ತಿದ್ದ ಹಾಗೆ ಕಣ್ಣು ಮುಚ್ಚಿ ಡ್ರಮ್ಮಿನತ್ತ ಕಿವಿ ಒಡ್ಡಿ ನಿಂತಿದ್ದ. ಚಟ್ ಚಟ್ ಎಂದು ಬೀಜ ಸಿಡಿಯತೊಡಗಿತು. ನಾನು ಕೆಮ್ಮುವ ಮೊದಲೇ ಅವನು ಡ್ರಮ್ಮಿನ ಬಾಗಿಲು ತೆಗೆದು ಎಲ್ಲವನ್ನೂ ಸುರಿದುಬಿಟ್ಟ.

ಯಜಮಾನರು ಒಂದು ಹಿಡಿ ಮೂಸಿದರು, ಒಂದು ಬೀಜ ಕಡಿದರು. ಹದವನ್ನು ಯಾವುದರಿಂದ ಹಿಡಿದೆ ಎಂದು ಕೇಳಿದರು. ವಾಸನೆ ಅನ್ನಪ್ಪಾ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಸಪ್ಪಳದಾಗ ಹಿಡದೆ ಯಜಮಾನ್ರ. ನನಗ ಮೂಗಿಲ್ಲ. ವಾಸನಿ ಹೇಳಿದ್ದು ಇವನು."

ಅವರು ಕೈಯನ್ನು ಕಿವಿಗೆ ಆನಿಸಿ, ಇನ್ನೊಮ್ಮೆ ಜೋರಾಗಿ ಹೇಳು ಅಂದರು. ಪಾಪ, ಅದನ್ನೇ ಅವನು ಕೂಗಿ ಹೇಳಬೇಕಾಯಿತು. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು.

ಅವರು ಮೂಲೆಯ ಚೀಲವೊಂದನ್ನು ಬಿಚ್ಚಿದರು. ತುಂಬ ಕರಿ ಹಿಡಿದ ಬೀಜ.

"ಇವು ನಾ ಸುಟ್ಟವು. ಸಿಡಿಯೋದು ನನಗ ಕೇಳವಲ್ದು, ವಾಸನಿ ಬರೋದ್ರಾಗ ಹೊತ್ತಿರ್ತೈತಿ. ಮೂಗು ನಂದೈತಿ. ಕಿವಿ ನಿಂದಿರ್ಲಿ, ಸೋಮವಾರ ಬಾ."

ವಾಪಸು ಬಸ್ಸಿನಲ್ಲಿ ಯಜಮಾನರು ಕೊಟ್ಟ ಕಾಫಿ ಪೊಟ್ಟಣ ನನ್ನ ತೊಡೆಯ ಮೇಲಿತ್ತು. ಘಮಕ್ಕೆ ಹಿಂದಿನ ಸೀಟಿನವರೂ ಬಗ್ಗಿ ನೋಡುತ್ತಿದ್ದರು. ತಾನು ಹುರಿದದ್ದರ ವಾಸನೆ ಹೇಗಿದೆ ಎಂದು ಕೋಟ್ರೇಶ ಮೆಲ್ಲಗೆ ಕೇಳಿದ. ನಾನು ಮೂಸಿದೆ, ಮತ್ತೆ ಮೂಸಿದೆ. ಕೊನೆಗೆ, ಭಟ್ಟಿಯಿಂದ ಬಂದಾಗ ನಿನ್ನ ಅಂಗಿಯಲ್ಲಿ ಬರುತ್ತಿತ್ತಲ್ಲ, ಸ್ವಲ್ಪ ಹಾಗೆಯೇ ಅಂದೆ.

ಅವನು ಆ ಇಸ್ತ್ರಿ ಅಂಗಿಯ ತೋಳನ್ನು ಮೂಗಿಗೆ ಹಿಡಿದ. ಕೊಟ್ಟೂರು ಬರುವವರೆಗೂ ತೆಗೆಯಲಿಲ್ಲ.