ಪಂಚ ಪರಸಪ್ಪನ ಅಮೆರಿಕದ ಕುಸ್ತಿ

ಮಂಗಳವಾರ ಮತ್ತು ಶನಿವಾರ ಬೆಳಿಗ್ಗೆ ಆರರ ಸುಮಾರಿಗೆ ಪರಸಪ್ಪನ ಮನೆಯಿಂದ ಸೀಟಿಯ ಸದ್ದು ಕೇಳಿಸಿದರೆ, ಅಮೆರಿಕದಲ್ಲಿ ಯಾರೋ ತಪ್ಪು ಮಾಡಿದ್ದಾರೆಂದು ಊರಿಗೆ ಗೊತ್ತಾಗುತ್ತಿತ್ತು. ಇಂಡಿ ತಾಲೂಕಿನಲ್ಲಿ ಲಚ್ಯಾಣದ ಪಕ್ಕದ ಊರು ಅದು. ಊರಿಗೆ ಹೆಸರಿದೆ. ಊರವರು ಮುಂದೆ ಮಾಡಿದ್ದನ್ನು ನೋಡಿದರೆ ಅದನ್ನು ಇಲ್ಲಿ ಬರೆಯದಿರುವುದೇ ಒಳ್ಳೆಯದು.

ಪರಸಪ್ಪನಿಗೆ ಎಪ್ಪತ್ತು ವರ್ಷ. ಕುರಿ ಕಾಯುವ ಮನೆತನ. ನಲವತ್ತೆರಡು ವರ್ಷಗಳಿಂದ ಸುತ್ತಲಿನ ಕುಸ್ತಿಗಳಿಗೆ ಅವನೇ ಪಂಚ. ಅಖಾಡದ ಕೆಮ್ಮಣ್ಣಿನ ಮೇಲೆ ಮಂಡಿಯೂರಿ ಕೂತು, ಕೆಳಗೆ ಬಿದ್ದವನ ಎರಡೂ ಭುಜ ನೆಲಕ್ಕೆ ತಾಗಿದವೋ ಇಲ್ಲವೋ ಎಂದು ನೋಡಿ, ಸೀಟಿ ಊದಿ ತೀರ್ಪು ಹೇಳುವುದು ಪಂಚನ ಕೆಲಸ. ಸಿಂದಗಿಯಲ್ಲೊಮ್ಮೆ ತನ್ನ ಸ್ವಂತ ಅಳಿಯನನ್ನೇ ಸೋತನೆಂದು ಸಾರಿದ್ದಕ್ಕೆ ಎರಡು ವರ್ಷ ಮಗಳ ಮನೆಯ ಹೋಳಿಗೆ ಕಳೆದುಕೊಂಡಿದ್ದ. ಹೋಳಿಗೆ ಹೋದದ್ದಕ್ಕೆ ಬೇಸರವಿತ್ತು. ತೀರ್ಪಿನ ಬಗ್ಗೆ ಇರಲಿಲ್ಲ.

ಇಂಥವನ ಮನೆಗೆ ಇಪ್ಪತ್ತು ವರ್ಷಗಳ ಹಿಂದೆ ಡಿಶ್ ಬಂತು, ಡಿಶ್ಶಿನ ಹಿಂದೆಯೇ ಅಮೆರಿಕದ ಕುಸ್ತಿ ಬಂತು. ಹೊಳೆಯುವ ಚಡ್ಡಿ ಹಾಕಿದ ಗಂಡಸರು ಬೆಂಕಿ, ಹೊಗೆ, ಹಾಡಿನ ನಡುವೆ ನಡೆದುಬಂದು, ಮೊದಲು ಅರ್ಧ ತಾಸು ಮೈಕಿನಲ್ಲಿ ಬೈದಾಡಿ, ಆಮೇಲೆ ಹಗ್ಗದ ಅಖಾಡದೊಳಗೆ ಒಬ್ಬರನ್ನೊಬ್ಬರು ಎತ್ತಿ ಒಗೆಯುವ ಕುಸ್ತಿ. ಊರಿನ ಹುಡುಗರೆಲ್ಲ ಅದಕ್ಕೆ ಮರುಳಾದರು. ಕುರಿಮರಿಗಳಿಗೂ ಆ ಪೈಲ್ವಾನರ ಹೆಸರು ಬಿದ್ದವು. ಪರಸಪ್ಪ ಮಾತ್ರ ಕೊರಳಿಗೆ ಸೀಟಿ ಹಾಕಿಕೊಂಡೇ ಟಿವಿಯ ಮುಂದೆ ಕೂತ. ಕುರ್ಚಿಯಿಂದ ಹೊಡೆದರೆ ಸೀಟಿ. ಕಣ್ಣಿಗೆ ಕೈ ಹಾಕಿದರೆ ಸೀಟಿ. ಒಬ್ಬ ಹೆಸರಾಂತ ಪೈಲ್ವಾನನನ್ನು ಜೀವಮಾನಕ್ಕೇ ಅಖಾಡದಿಂದ ಹೊರಗೆ ಹಾಕಿ, ಅವನು ಬಂದಾಗಲೆಲ್ಲ ಟಿವಿ ಬಂದ್ ಮಾಡುತ್ತಿದ್ದ. ಅಮೆರಿಕದವರು ಆ ತೀರ್ಪಿನ ಮೇಲೆ ಅಪೀಲು ಹೋಗಲಿಲ್ಲ. ಈಚೆಗೆ ಆ ಕುಸ್ತಿ ಟಿವಿ ಬಿಟ್ಟು ಫೋನಿಗೆ ಹೋದಾಗ, ಇಂಡಿ ಬಸ್ಸಿನಲ್ಲಿ ಕಂಡಕ್ಟರಾಗಿರುವ ಮಗ ದುಂಡೇಶ ಅದನ್ನು ಹೇಗೋ ಮತ್ತೆ ಟಿವಿಗೆ ತಂದುಕೊಟ್ಟ. ಅಪ್ಪನಿಗೆ ಮಾಡಿದ ಸೇವೆಗಳಲ್ಲಿ ಅದೇ ದೊಡ್ಡದೆಂದು ತಾಯಿ ರೇವವ್ವ ಇವತ್ತಿಗೂ ಹೇಳುತ್ತಾಳೆ.

ಈ ಕುಸ್ತಿ ಮೊದಲೇ ಬರೆದಿಟ್ಟದ್ದು, ಗೆಲ್ಲುವವನು ಯಾರು ಸೋಲುವವನು ಯಾರು ಎಂದು ಕಂಪನಿ ನಾಟಕದ ಹಾಗೆ ಮುಂಚೆಯೇ ತೀರ್ಮಾನವಾಗಿರುತ್ತದೆ ಎಂಬುದು ಊರಿಗೆ ಕ್ರಮೇಣ ತಿಳಿಯಿತು. ಪರಸಪ್ಪನಿಗೆ ಹೇಳುವವರಾರು? ನಿವೃತ್ತ ಮಾಸ್ತರ ಶ್ರೀಶೈಲಪ್ಪ ಶಾಲೆಯ ಮಕ್ಕಳಿಗೆಲ್ಲ ತಾಕೀತು ಮಾಡಿದರು, ಪಂಚ ಮುತ್ಯಾನ ಮುಂದೆ ಯಾರೂ ಬಾಯಿ ಬಿಡಕೂಡದೆಂದು. ಊರಿಗೆ ಊರೇ ಇಪ್ಪತ್ತು ವರ್ಷ ಬಾಯಿ ಬಿಗಿಹಿಡಿದು ಕೂತಿತು. ನಮ್ಮ ಕಡೆ ಒಂದು ಗುಟ್ಟು ಎರಡು ದಿನ ಉಳಿದರೆ ಹೆಚ್ಚು. ಆ ಲೆಕ್ಕದಲ್ಲಿ ಇದು ಪ್ರೀತಿಯೇ ಸರಿ.

ಆದರೆ ಪರಸಪ್ಪನಿಗೆ ಮೊದಲ ದಿನವೇ ಗೊತ್ತಾಗಿತ್ತು.

ಹೊಡೆಯುವವನು ಗುದ್ದುವ ಹೊತ್ತಿಗೇ ಕಾಲ ಕೆಳಗಿನ ಹಲಗೆ ಒದ್ದು ಸದ್ದು ಮಾಡುತ್ತಿದ್ದ. ಬೀಳುವವನು ಬೀಳುವ ಮುಂಚೆ ಬೀಳುವ ಜಾಗವನ್ನೊಮ್ಮೆ ನೋಡಿ, ಗದ್ದ ಎದೆಗೆ ಒತ್ತಿ, ಅಂಗೈಯನ್ನು ಮೊದಲು ನೆಲಕ್ಕೆ ಬಡಿಯುತ್ತಿದ್ದ. ಆಗಲೇ ಇಪ್ಪತ್ತೆರಡು ವರ್ಷ ಭುಜಗಳನ್ನೇ ನೋಡಿದ್ದ ಕಣ್ಣಿಗೆ ಇದು ಮರೆಯಾಗುತ್ತದೆಯೇ? ಆದರೂ ಅವನು ನೋಡುತ್ತಿದ್ದ. ಗೆಲ್ಲುವವರನ್ನಲ್ಲ, ಬೀಳುವವರನ್ನು ನೋಡುತ್ತಿದ್ದ. ಯಾಕೆಂದರೆ ಅವನೂ ಒಂದು ಸಲ ಹಾಗೆ ಬಿದ್ದಿದ್ದ.

ನಲವತ್ತನಾಲ್ಕು ವರ್ಷಗಳ ಹಿಂದಿನ ಮಾತು. ಬಸವನ ಬಾಗೇವಾಡಿಯಲ್ಲಿ ಕುಸ್ತಿ. ಪರಸಪ್ಪನಿಗೆ ಜೋಡಿಯಾಗಿದ್ದವನು ನಾಲತವಾಡದ ಮೀರಾಸಾಬ. ಆ ವರ್ಷ ಮೀರಾಸಾಬ ಮೂರು ಕುಸ್ತಿ ಸೋತಿದ್ದ. ನಾಲ್ಕನೆಯದನ್ನೂ ಸೋತರೆ ಲಂಗೋಟಿ ಬಿಚ್ಚಿಟ್ಟು ಗೋವೆಗೆ ದುಡಿಯಲು ಹೋಗುವವನಿದ್ದ. ಬೆಳಿಗ್ಗೆ ಮೈಗೆ ಎಣ್ಣೆ ತಿಕ್ಕುತ್ತಿದ್ದಾಗ ಪರಸಪ್ಪನ ಉಸ್ತಾದ ಭೀಮಶ್ಯಾ ಮೆಲ್ಲಗೆ ಹೇಳಿದ.

"ಪರಸ್ಯಾ, ಇವತ್ತ ನೀ ಬೀಳಬೇಕು."

"ಯಾಕ್ರಿ?"

"ಹಿಂದ ನಾಲತವಾಡ ಸಂತಿಗೆ ಕುರಿ ಮಾರಾಕ ಹೋದಾಗ ನನಗ ವಿಷಮಜ್ವರ ಬಂದಿತ್ತು. ಆ ಹುಡುಗನ ಅವ್ವ ಮಾಬುಬಿ ಇಪ್ಪತ್ತೊಂದ ದಿನ ತನ್ನ ಮನ್ಯಾಗ ಇಟ್ಕೊಂಡು ನವಣಿ ಗಂಜಿ ಕುಡಿಸ್ಯಾಳ. ಆಕಿ ಏನೂ ಕೇಳಿಲ್ಲ. ನಾ ಕೇಳಾಕತ್ತೇನಿ."

ಪರಸಪ್ಪ ಬಿದ್ದ. ನಾಲ್ಕನೆಯ ನಿಮಿಷಕ್ಕೆ ಬಿದ್ದ. ಬೀಳುವುದನ್ನು ಯಾರೂ ಕಲಿಸಿರಲಿಲ್ಲವಾದ್ದರಿಂದ ಜೋಳದ ಚೀಲದ ಹಾಗೆ ಬಿದ್ದ. ಎಡಭುಜದ ಕೀಲು ತಪ್ಪಿತು. ಗೆದ್ದವನಿಗೆ ಕೊಡುವ ಬೆಳ್ಳಿ ಖಡೆಯನ್ನು ಮೀರಾಸಾಬ ಕೈಗೆ ಹಾಕಿಕೊಂಡು ಮನೆಗೆ ಹೋದ. ಆ ಗೆಲುವಿನ ಧೈರ್ಯದಲ್ಲಿ ಮೀರಜ, ಸಾಂಗಲಿಯವರೆಗೂ ಹೋಗಿ ಹೆಸರು ಮಾಡಿದ. ಆಮೇಲಿನ ಗೆಲುವುಗಳೆಲ್ಲ ಖರೆಯೇ. ಮೊದಲನೆಯದು ಹೇಗೆ ಬಂತೆಂದು ಅವನಿಗೆ ಗೊತ್ತಿರಲಿಲ್ಲ. ಭೀಮಶ್ಯಾ ಮರುವರ್ಷ ತೀರಿಕೊಂಡ. ಅಲ್ಲಿಗೆ ವಿಷಯ ಬಲ್ಲವನು ಪರಸಪ್ಪ ಒಬ್ಬನೇ ಉಳಿದ. ರೇವವ್ವನಿಗೂ ಅವನು ಹೇಳಲಿಲ್ಲ. ಚಳಿಗಾಲದಲ್ಲಿ ಆಕೆ ಆ ಭುಜಕ್ಕೆ ಎಣ್ಣೆ ತಿಕ್ಕುವಾಗ "ಕುರಿ ಗುದ್ದಿದ್ದು" ಎನ್ನುತ್ತಿದ್ದ.

ಅಮೆರಿಕದವರು ಬೀಳುವುದನ್ನು ನೋಡಿ ಅವನಿಗೆ ಮೊದಲು ಹೊಟ್ಟೆಕಿಚ್ಚಾಯಿತು, ಆಮೇಲೆ ಗೌರವ ಬಂತು. ಇಷ್ಟು ಚೆಂದ ಬೀಳುವ ವಿದ್ಯೆ ಲೋಕದಲ್ಲಿತ್ತು, ತನಗೆ ಯಾರೂ ಹೇಳಿರಲಿಲ್ಲ. ಬಿದ್ದವನಿಗೂ ಅಲ್ಲಿ ಜನ ಚಪ್ಪಾಳೆ ಹೊಡೆಯುತ್ತಿದ್ದರು. ಮರುವಾರ ಅವನು ಮತ್ತೆ ಹಾಡು ಹಾಕಿಸಿಕೊಂಡು ಬರುತ್ತಿದ್ದ. ಇದನ್ನೆಲ್ಲ ಯಾರೊಡನೆ ಮಾತಾಡುವುದು? ನಾಟಕವೆಂದು ಹೇಗೆ ಗುರುತಿಸಿದೆ ಎಂದು ಕೇಳಿದರೆ ಮಾತು ಎಲ್ಲಿಗೆ ಹೋದೀತೋ ಎಂಬ ಅಂಜಿಕೆ. ಸೀಟಿ ಊದುತ್ತ ಕೂತ.

ಹೀಗೆಯೇ ನಡೆದುಹೋಗುತ್ತಿತ್ತು. ಆದರೆ ಕಳೆದ ವರ್ಷ ಊರಿನ ಹಳೆಯ ಗರಡಿ ಮನೆ ಬಿಚ್ಚಿ ಹೊಸದು ಕಟ್ಟಿದರು. ಆರಂಭದ ದಿನ ಹನ್ನೆರಡು ಜೋಡಿ ಕುಸ್ತಿ ಇಟ್ಟರು. ಆಗ ಹೊರಗಿನ ಪೈಲ್ವಾನರು ತಕರಾರು ತೆಗೆದರು. ಅಮೆರಿಕದ ಆಟವನ್ನೇ ಖರೆ ಎಂದು ನಂಬಿದ ಮುದುಕ ನಮ್ಮ ಕುಸ್ತಿಯ ತೀರ್ಪು ಏನು ಹೇಳುತ್ತಾನೆ, ಅವನು ಪಂಚನಾದರೆ ನಾವು ಬರುವುದಿಲ್ಲ ಎಂದರು. ಗರಡಿ ಕಮಿಟಿಯ ಅಧ್ಯಕ್ಷರಾದ ಶ್ರೀಶೈಲಪ್ಪ ಮಾಸ್ತರರು ಪರಸಪ್ಪನ ಮನೆಗೆ ಬಂದು, ಎರಡು ಸಲ ಚಹಾ ಕುಡಿದು, ಮಳೆ ಬೆಳೆ ಎಲ್ಲ ಮಾತಾಡಿ, ಕಡೆಗೆ ವಿಷಯಕ್ಕೆ ಬಂದರು.

"ಪರಸಪ್ಪ ಕಾಕಾ, ಸಿಟ್ಟಿಗೇಳಬ್ಯಾಡ್ರಿ. ಆ ಅಮೆರಿಕಾದ ಕುಸ್ತಿ... ಅದು ನಾಟಕ ಐತ್ರಿ."

"ಹೌದೇನ್ರಿ," ಎಂದ ಪರಸಪ್ಪ.

"ಹೌದ್ರಿ. ನೀವು ಮಂದಿ ಮುಂದ ಮೈಕಿನ್ಯಾಗ ಒಂದ ಮಾತ ಹೇಳಿಬಿಡ್ರಿ, ಅದು ನಾಟಕ ಅಂತ ನನಗ ಗೊತ್ತೈತಿ ಅಂತ. ಸೀಟಿ ನಿಮ್ಮ ಕೊರಳಾಗ ಇರ್ತೈತಿ. ಇಲ್ಲಂದ್ರ ನನ್ನ ಕೈಯಾಗ ಏನೂ ಇಲ್ಲ."

ಮಾಸ್ತರರು ಮುದುಕನ ಎದೆ ಒಡೆದೀತೆಂದು ಅಂಜಿ ನೀರಿನ ತಂಬಿಗೆಯನ್ನು ಹತ್ತಿರ ಎಳೆದಿಟ್ಟುಕೊಂಡಿದ್ದರು. ಪರಸಪ್ಪನಿಗೆ ಆದದ್ದು ಖುಷಿ. ಇಪ್ಪತ್ತು ವರ್ಷ ಒಳಗಿಟ್ಟುಕೊಂಡ ವಿದ್ಯೆಯನ್ನು ಕಡೆಗೊಮ್ಮೆ ತೋರಿಸಬಹುದು. ನಾಟಕ ಎಂದಷ್ಟೇ ಹೇಳುವುದೇಕೆ, ಹೇಗೆ ಬೀಳುತ್ತಾರೆಂದು ಬಿದ್ದೇ ತೋರಿಸಿದರಾಯಿತು. ತಾನು ಊರಿಗಿಂತ ಮುಂಚೆ ತಿಳಿದವನೆಂದು ಗೊತ್ತಾಗಲಿ. ಬಾಗೇವಾಡಿಯ ಮಾತು ಅಲ್ಲಿ ಯಾಕೆ ಬರುತ್ತದೆ?

ಮರುದಿನ ರೇವವ್ವ ಕುರಿ ದೊಡ್ಡಿಗೆ ಹೋದಾಗ ಅವನು ಗೋಣಿಚೀಲಗಳ ಮೇಲೆ ಅಂಗಾತ ಮಲಗಿದ್ದ. ಕುರಿಗಳು ಸುತ್ತ ನಿಂತು ನೋಡುತ್ತಿದ್ದವು.

"ಏನ್ ಮಾಡಾಕತ್ತೀರಿ?"

"ಬೀಳಾಕತ್ತೇನಿ."

"ಈ ವಯಸ್ಸಿನ್ಯಾಗ?"

"ಆ ವಯಸ್ಸಿನ್ಯಾಗ ಬರ್ತಿದ್ದಿಲ್ಲ," ಎಂದು ಅವನು ಎದ್ದು ಧೂಳು ಕೊಡವಿಕೊಂಡು, ಮತ್ತೊಮ್ಮೆ ಬಿದ್ದ. ಈ ಸಲ ಅಂಗೈ ಮೊದಲು ಬಡಿಯಿತು, ಭುಜ ನೋಯಲಿಲ್ಲ. ಅವನು ಮಲಗಿದಲ್ಲೇ ನಕ್ಕ. ರೇವವ್ವ ಹಾಲಿನ ಗಿಂಡಿ ಎತ್ತಿಕೊಂಡು, ಮಗನಿಗೆ ಹೇಳಬೇಕೋ ಡಾಕ್ಟರಿಗೆ ಹೇಳಬೇಕೋ ಎಂದು ಯೋಚಿಸುತ್ತ ಹೋದಳು.

ಆರಂಭದ ದಿನ ಭಾನುವಾರ. ಮುಖ್ಯ ಅತಿಥಿ ಯಾರೆಂದು ಪರಸಪ್ಪನಿಗೆ ಗೊತ್ತಾದದ್ದು ಜೀಪು ಬಂದು ನಿಂತಾಗ. ಮೊಮ್ಮಗ ಅಫ್ತಾಬನ ಹೆಗಲಿಗೆ ಕೈಯೂರಿ ಮೀರಾಸಾಬ ಇಳಿದ. ಎಪ್ಪತ್ತೆರಡು ವರ್ಷ, ಎರಡೂ ಮಂಡಿ ಹೋಗಿವೆ, ತಲೆಗೆ ದೊಡ್ಡ ರುಮಾಲು. ಅಫ್ತಾಬನೂ ಪೈಲ್ವಾನನೇ, ಹುಡುಗರಿಗೆ ಕುಸ್ತಿ ಕಲಿಸುವವನು. ಮೀರಾಸಾಬ ನೆಟ್ಟಗೆ ಪರಸಪ್ಪನ ಹತ್ತಿರ ಬಂದು ತಬ್ಬಿಕೊಂಡು, ಮೊಮ್ಮಗನಿಗೆ ತೋರಿಸಿದ.

"ನೋಡೋ ಅಫ್ತಾಬ, ಇವನ ಆ ಪರಸಪ್ಪ. ಬಾಗೇವಾಡ್ಯಾಗ ನಾ ಒಗದಾಂವ. ಅವತ್ತ ಗೆದ್ದಿಲ್ಲಂದ್ರ ನಾ ಗೋವಾದಾಗ ಕಲ್ಲ ಹೊತ್ಕೊಂಡ ಸಾಯ್ತಿದ್ದೆ. ನಮ್ಮವ್ವ ಆ ಖಡೆ ಸಾಯೋತನಕ ತಲಿದಿಂಬಿನ ಕೆಳಗ ಇಟ್ಕೊಂಡಿದ್ಲು."

"ಹೌದು, ಭಾಳ ಜೋರ ಒಗದಿದ್ದಿ," ಎಂದ ಪರಸಪ್ಪ. ಅದು ಅಫ್ತಾಬನಿಗೆ ಇಷ್ಟವಾಯಿತು.

ಭಾಷಣಗಳಾದವು. ಮಾಸ್ತರರು ಮೈಕು ಹಿಡಿದು, ಎಲ್ಲರಿಗೂ ಒಂದು ಅನುಮಾನವಿದೆ, ಅದನ್ನು ಪಂಚರೇ ಬಗೆಹರಿಸುತ್ತಾರೆ ಎಂದು ಹೇಳಿ, ಕೇಳಬೇಕಾದ್ದನ್ನು ಕೇಳಿದರು. ಪರಸಪ್ಪ ಎದ್ದು ನಿಂತ. ಬೀಳಲಿಕ್ಕೆಂದು ಹೊಸ ಧೋತರವನ್ನು ಬಿಗಿಯಾಗಿ ಉಟ್ಟು ಬಂದಿದ್ದ.

"ಅದು ನೋಡ್ರಿ, ಅಮೆರಿಕಾದ ಕುಸ್ತಿ..." ಎಂದು ಶುರು ಮಾಡಿದ.

ವೇದಿಕೆಯ ಮೇಲೆ ಕೂತಿದ್ದ ಮೀರಾಸಾಬ ನಗುತ್ತ ನಡುವೆ ಬಾಯಿ ಹಾಕಿದ. "ಏನ್ ಮಾಸ್ತರ್ರ, ಪೈಲ್ವಾನ ಬೇಕಂತ ಬೀಳ್ತಾನಂತೀರಿ? ಬೇಕಂತ ಬಿದ್ರ ಹಿಡಿದಾಂವನ ಕೈಗೆ ತಿಳಿಯಾಂಗಿಲ್ಲೇನ್ರಿ? ನಾ ಐವತ್ತ ವರ್ಷ ಮಂದೀನ ಎತ್ತಿ ಒಗದೇನಿ. ಪರಸಪ್ಪ, ನೀ ಹೇಳು. ನಾ ನಿನ್ನ ಒಗದೇನಿ. ಹಂಗ ಸುಳ್ಳ ಬೀಳಾಕ ಬರ್ತೈತೇನು?"

ಪರಸಪ್ಪ ಮೀರಾಸಾಬನನ್ನು ನೋಡಿದ. ಮೀರಾಸಾಬನ ಕೈ ಮೊಮ್ಮಗನ ಹೆಗಲ ಮೇಲಿತ್ತು. ಮುನ್ನೂರು ಜನ ಕಾಯುತ್ತಿದ್ದರು. ಬರುತ್ತದೆ ಎಂದು ಒಂದು ಮಾತು ಹೇಳಿ, ಇಲ್ಲಿ ನೋಡಿರಿ ಎಂದು ಬಿದ್ದು ತೋರಿಸಿದರೆ ಸೀಟಿ ಉಳಿಯುತ್ತಿತ್ತು. ಆದರೆ ಮೀರಾಸಾಬ ಅಖಾಡದ ಮನುಷ್ಯ. ಅಷ್ಟು ಚೆಂದ ಬೀಳಬಲ್ಲವನನ್ನು ಕಣ್ಣಾರೆ ನೋಡಿದ ಮೇಲೆ ಊರಿಗೆ ಹೋಗಿ, ರಾತ್ರಿ ಮಲಗಿ, ಬಾಗೇವಾಡಿಯ ನಾಲ್ಕನೆಯ ನಿಮಿಷವನ್ನು ನೆನೆಸಿಕೊಳ್ಳದೆ ಇರುತ್ತಾನೆಯೇ?

"ಬರಾಂಗಿಲ್ಲ," ಎಂದ ಪರಸಪ್ಪ. "ಬೇಕಂತ ಬೀಳಾಕ ಯಾರಿಗೂ ಬರಾಂಗಿಲ್ಲ. ಅಮೆರಿಕಾದವರಿಗೂ ಬರಾಂಗಿಲ್ಲ. ಅದು ಖರೇನ ಕುಸ್ತಿ."

ಹಿಂದೆ ಕೂತ ಹೊರಗಿನ ಪೈಲ್ವಾನರು ನಕ್ಕರು. ಆಮೇಲೆ ಊರವರೂ ನಕ್ಕರು, ಇಪ್ಪತ್ತು ವರ್ಷ ತಡೆದಿಟ್ಟ ನಗೆ ಅದು, ಬೇಗ ನಿಲ್ಲಲಿಲ್ಲ. ಮಾಸ್ತರರು ಮೈಕಿಗೆ ಅಂಗೈ ಅಡ್ಡ ಹಿಡಿದು, "ಕಾಕಾ, ಇನ್ನೊಮ್ಮೆ ವಿಚಾರ ಮಾಡ್ರಿ," ಎಂದು ಬೇಡಿಕೊಂಡರು. ಪರಸಪ್ಪ ವಿಚಾರ ಮಾಡಿ ಅದನ್ನೇ ಇನ್ನೊಮ್ಮೆ ಹೇಳಿದ. ದುಂಡೇಶ ತಲೆ ತಗ್ಗಿಸಿ ಹೊರಗೆ ಹೋದ.

ಸೀಟಿಯನ್ನು ಅಫ್ತಾಬನಿಗೆ ಕೊಡಬೇಕಾಯಿತು. ಕೊರಳಿನಿಂದ ತೆಗೆಯುವಾಗ ಪರಸಪ್ಪನಿಗೆ ಅಳು ಬಂತು. ನಲವತ್ತೆರಡು ವರ್ಷದ ಸೀಟಿ, ಬರದೆ ಏನು? ದಾರವನ್ನು ಸರಿಯಾಗಿ ಸುತ್ತಿ ಕೊಟ್ಟು, "ಊದೋಕಿಂತ ಮೊದಲ ಎರಡೂ ಭುಜ ನೋಡು," ಎಂದಷ್ಟೇ ಹೇಳಿ, ಮುಂದಿನ ಸಾಲಿನಲ್ಲಿ ಮೀರಾಸಾಬನ ಪಕ್ಕ ಕೂತ. ಮೂರನೆಯ ಜೋಡಿಯಲ್ಲಿ ಒಬ್ಬ ಎದುರಾಳಿಯ ಬೆರಳು ಮುರಿಯಲು ಹೋದಾಗ ಪರಸಪ್ಪನ ಕೈ ತಾನಾಗಿ ಎದೆಯ ಮೇಲೆ ತಡಕಾಡಿತು. ಅಫ್ತಾಬನ ಸೀಟಿ ಸ್ವಲ್ಪ ತಡವಾಗಿ ಕೇಳಿಸಿತು.

ಈಗ ಮಂಗಳವಾರ, ಶನಿವಾರ ಅವನ ಮನೆಯಿಂದ ಸೀಟಿ ಕೇಳುವುದಿಲ್ಲ. ಫೋನಿನ ಸದ್ದು ಕೇಳುತ್ತದೆ. ಪಂಚನೇ ಖರೆ ಎಂದ ಮೇಲೆ ಮೀರಾಸಾಬನೂ ಅಮೆರಿಕದ ಕುಸ್ತಿ ನೋಡಲು ಶುರು ಮಾಡಿದ್ದಾನೆ. ನಾಲತವಾಡದಲ್ಲಿ ಅವನು, ಇಲ್ಲಿ ಇವನು, ಇಬ್ಬರೂ ಕಿವಿಗೆ ಫೋನು ಹಚ್ಚಿಕೊಂಡು ಟಿವಿ ನೋಡುತ್ತಾರೆ. ಯಾರು ಗೆಲ್ಲುತ್ತಾರೆಂದು ಮೀರಾಸಾಬ ಪ್ರತಿ ಸಲ ಕೇಳುತ್ತಾನೆ. ಪರಸಪ್ಪನಿಗೆ ಪೈಲ್ವಾನರು ನಡೆದುಬರುವಾಗಲೇ ಗೊತ್ತಾಗಿರುತ್ತದೆ. ಆದರೂ, "ತಡಿ, ನೋಡೂಣು," ಎನ್ನುತ್ತಾನೆ.

ಮೊನ್ನೆ ಒಬ್ಬ ಎತ್ತರದ ಆಳು ಹಗ್ಗದ ಮೇಲಿನಿಂದ ಹಾರಿ ಇನ್ನೊಬ್ಬನನ್ನು ಕೆಡವಿದ. ಮೀರಾಸಾಬ ಫೋನಿನಲ್ಲೇ ಚಪ್ಪಾಳೆ ಹೊಡೆದ.

"ಬಿದ್ದಾಂವ ಭಾಳ ಚೊಲೋ ಬಿದ್ದ ನೋಡು," ಎಂದ ಪರಸಪ್ಪ.

"ಲೇ ಪರಸಪ್ಪ, ಬಿದ್ದಾಂವನ್ನ ಯಾರು ನೋಡ್ತಾರೋ? ಗೆದ್ದಾಂವನ್ನ ನೋಡು."

"ಗೆದ್ದಾಂವನ್ನ ನೀ ನೋಡು," ಎಂದ ಪರಸಪ್ಪ, ಎಡಭುಜ ತಿಕ್ಕಿಕೊಳ್ಳುತ್ತ. "ಇವನ್ನ ನಾ ನೋಡ್ತೇನಿ."