ಪದ್ಮಕ್ಕನ ಮನೆಯ ಡಬ್ಬ

ನೆಟ್ ಹೋಗಿದೆ ಎಂದು ಫೋನ್ ಮಾಡುವವರು ಎಲ್ಲಕ್ಕಿಂತ ಮೊದಲು ಹೇಳುವುದು ಒಂದೇ ಮಾತು: ನಾವು ಏನೂ ಮಾಡಿಲ್ಲ. ನೀವೂ ಹೇಳಿರುತ್ತೀರಿ, ನೆನಪು ಮಾಡಿಕೊಳ್ಳಿ. ಏನು ಮಾಡಿದಿರಿ ಎಂದು ನಾನು ಕೇಳಿರುವುದೇ ಇಲ್ಲ. ಆದರೂ ಪೊಲೀಸರು ಬಾಗಿಲಿಗೆ ಬಂದ ಹಾಗೆ ಹೇಳುತ್ತೀರಿ. ಮನೆಗೆ ಬಂದು ನೋಡಿದರೆ ವೈರಿನ ಮೇಲೆ ಕಪಾಟಿನ ಕಾಲು ಕೂತಿರುತ್ತದೆ, ಇಲ್ಲವಾದರೆ ಇಸ್ತ್ರಿಗೆ ಪ್ಲಗ್ ಬೇಕೆಂದು ಮೋಡೆಮ್ಮಿನದ್ದನ್ನು ಕಿತ್ತು ಹಾಕಿರುತ್ತೀರಿ. ನಾನು ಬಾಯಿ ಮುಚ್ಚಿಕೊಂಡು ಸರಿ ಮಾಡಿ ಬರುತ್ತೇನೆ. ಯಾಕೆಂದರೆ ನಾನೂ ಸುಳ್ಳನೇ. ನಿಮ್ಮದು ಆ ಮಾತಾದರೆ ನಮ್ಮದು ಇನ್ನೊಂದು: ಮೇಲಿನಿಂದಲೇ ಬಂದ್ ಇದೆ.

ಮೇಲೆ ಅಂದರೆ ಎಲ್ಲಿ? ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೂ ಗೊತ್ತಿರಲಿಲ್ಲ. ಘಣಸೋಲಿಯಲ್ಲಿ ಒಂದು ದೊಡ್ಡ ಆಫೀಸಿದೆ, ಡೊಂಬಿವಿಲಿಗೆ ಅಲ್ಲಿಂದಲೇ ಲೈನು ಬರುವುದು ಎಂದು ನಮ್ಮ ಸೇಠ್ ಹೇಳುತ್ತಿದ್ದ. ಒಂದು ಸಲ ಕೆಟ್ಟ ಮಷಿನ್ ಕೊಟ್ಟು ಬರಲು ಅಲ್ಲಿಗೆ ಹೋದೆ. ಎ.ಸಿ. ಕೋಣೆಯಲ್ಲಿ ಟೈ ಕಟ್ಟಿಕೊಂಡು ಕೂತವನೊಬ್ಬ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ: ನಮ್ಮದೆಲ್ಲ ಸರಿ ಇದೆ, ಮೇಲಿನಿಂದಲೇ ಬಂದ್ ಇದೆ. ಅವತ್ತಿನಿಂದ ನಾನು ಆ ಮಾತನ್ನು ಧೈರ್ಯವಾಗಿ ಹೇಳತೊಡಗಿದೆ.

ನಾನು ಒಂಬತ್ತನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ಅಪ್ಪ ಕಾರ್ಕಳದ ಕಡೆಯಿಂದ ಬಂದು ಇಲ್ಲಿ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದರು. ನನಗೆ ಹೋಟೆಲಿನ ಬಿಸಿ ಬೇಡವೆಂದು ಕೇಬಲ್ಲಿಗೆ ಸೇರಿದೆ. ಬಿಸಿಲಿನಲ್ಲಿ ಟೆರೇಸಿನಿಂದ ಟೆರೇಸಿಗೆ ವೈರು ಎಳೆಯುವುದೂ ಬಿಸಿಯೇ ಎಂದು ಆಮೇಲೆ ಗೊತ್ತಾಯಿತು. ಬುದ್ಧಿ ಬರುವಾಗ ತಡವಾಗುವುದು ನನಗೆ ಹೊಸದಲ್ಲ. ಈಗ ಹೇಳಲು ಹೊರಟಿರುವುದೂ ಅಂಥದ್ದೇ, ಆದರೆ ಇದು ನಗುವ ವಿಷಯವಲ್ಲ.

ಒಂದು ಸಂಗತಿ ನಿಮಗೆ ಗೊತ್ತಿರಲಿಕ್ಕಿಲ್ಲ. ಒಂದು ಬಿಲ್ಡಿಂಗಿಗೆ ಟಿ.ವಿ.ಯೂ ನೆಟ್ಟೂ ಹೋಗಬೇಕಾದರೆ ನಡುವೆ ಎಲ್ಲಾದರೂ ಒಂದು ಡಬ್ಬ ಇಡಬೇಕು. ಅದಕ್ಕೆ ಹಗಲೂ ರಾತ್ರಿ ಕರೆಂಟು ಬೇಕು. ನಮ್ಮ ಸೇಠ್ ಕರೆಂಟಿಗೆ ಮೀಟರು ಹಾಕಿಸುವ ಜಾತಿಯಲ್ಲ. ಹಾಗಾಗಿ ಯಾವುದಾದರೊಂದು ಮನೆಯವರನ್ನು ಹಿಡಿದು, ಅವರ ಬಾಲ್ಕನಿಯಲ್ಲಿ ಡಬ್ಬ ತೂಗು ಹಾಕಿ, ಅವರ ಸ್ವಿಚ್ಚಿನಿಂದಲೇ ಕರೆಂಟು ಕೊಡುವುದು. ಅದಕ್ಕೆ ಬದಲಾಗಿ ಆ ಮನೆಗೆ ಟಿ.ವಿ., ನೆಟ್ ಎರಡೂ ಪುಕ್ಕಟೆ. ನಾಲ್ಕು ಮಹಡಿಯ ಹದಿನಾರು ಮನೆಗಳ ಸೀರಿಯಲ್ಲು, ಕ್ರಿಕೆಟ್ಟು, ಮಕ್ಕಳ ಪ್ರಾಜೆಕ್ಟು ಎಲ್ಲ ಒಂದು ಮನೆಯ ಒಂದು ಸ್ವಿಚ್ಚಿನ ಮೇಲೆ ನಿಂತಿರುತ್ತದೆ. ಅಂಥ ಮನೆಯನ್ನು ಆರಿಸುವುದಕ್ಕೂ ನಮ್ಮಲ್ಲಿ ಲೆಕ್ಕಾಚಾರವಿದೆ: ಹಗಲು ಮನೆಯಲ್ಲಿ ಜನ ಇರಬೇಕು, ಅವರು ಜಗಳಗಂಟರಾಗಿರಬಾರದು, ನಾವು ಯಾವಾಗ ಬೆಲ್ ಒತ್ತಿದರೂ ಮುಖ ಗಂಟಿಕ್ಕಬಾರದು.

ಹೀಗೆ ಡೊಂಬಿವಿಲಿಯ ಒಂದು ಬಿಲ್ಡಿಂಗಿನಲ್ಲಿ ನಾನು ಆರಿಸಿದ್ದು ಮೂರನೇ ಮಹಡಿಯ ಪದ್ಮಕ್ಕನ ಮನೆ. ಅವರೂ ನಮ್ಮ ಕಾರ್ಕಳದ ಕಡೆಯವರೇ. ಗಂಡ ಶೀನಣ್ಣ ಠಾಣೆಯ ಹೋಟೆಲೊಂದರಲ್ಲಿ ಕ್ಯಾಷಿಯರ್, ಬೆಳಿಗ್ಗೆ ಹೋದರೆ ರಾತ್ರಿಯೇ ಬರುವುದು. ಒಬ್ಬಳೇ ಮಗಳು ಸುಮಾಳನ್ನು ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಊರಿನ ಹುಡುಗ ಕೇಳುತ್ತಿದ್ದಾನೆ ಎಂಬ ಒಂದೇ ಕಾರಣಕ್ಕೆ ಡಬ್ಬ ಇಡಲು ಪದ್ಮಕ್ಕ ಒಪ್ಪಿದರು. ಡಬ್ಬಕ್ಕೆ ಧೂಳು ಕೂರದಂತೆ ತಾವೇ ಒಂದು ಹಳೆಯ ದಿಂಬಿನ ಕವರನ್ನು ಹೊಲಿದು ಹೊದಿಸಿದರು. ಅದರಿಂದ ಡಬ್ಬ ಬಿಸಿಯಾಗಿ ವಾರಕ್ಕೊಮ್ಮೆ ನಿಂತುಹೋಗುತ್ತಿತ್ತು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ನಿಂತಾಗಲೆಲ್ಲ ಹೋಗಿ, ಕವರು ಎತ್ತಿ ಗಾಳಿ ಹಾಕಿ, ಅವರು ಕೊಟ್ಟ ಚಾ ಕುಡಿದು ಬರುತ್ತಿದ್ದೆ.

ಒಂದು ಗುರುವಾರ ನಾನು ಠಾಕುರ್ಲಿಯ ಟೆರೇಸೊಂದರ ಮೇಲಿದ್ದಾಗ ಪದ್ಮಕ್ಕ ಮನೆಯ ಲ್ಯಾಂಡ್‌ಲೈನಿನಿಂದ ಫೋನ್ ಮಾಡಿದರು. ಅಣ್ಣನ ಮನೆಯ ಗೃಹಪ್ರವೇಶಕ್ಕೆ ಸೋಮವಾರ ಊರಿಗೆ ಹೊರಟಿದ್ದಾರೆ, ಹತ್ತು ದಿನ ಇರುವುದಿಲ್ಲ. ಶೀನಣ್ಣ ಅಷ್ಟು ದಿನ ಹೋಟೆಲಿನಲ್ಲೇ ಮಲಗುತ್ತಾರೆ. ಬೀಗ ಹಾಕುವಾಗ ಮೇನ್ ಸ್ವಿಚ್ ಬಂದ್ ಮಾಡದೆ ಹೋದರೆ ಪದ್ಮಕ್ಕನಿಗೆ ನಿದ್ದೆ ಹತ್ತುವುದಿಲ್ಲ, ಅಷ್ಟರೊಳಗೆ ಡಬ್ಬವನ್ನು ಬೇರೆ ಕಡೆ ಇಡು ಎಂದು ಎರಡು ಸಲ ಹೇಳಿದರು. ಆಯ್ತು ಅಕ್ಕ, ಶನಿವಾರ ಬರ್ತೇನೆ ಅಂದೆ.

ಶನಿವಾರ ಗೆಳೆಯರ ಜೊತೆ ಮುಂಬ್ರಾಕ್ಕೆ ಹೋಗಿ ಬಿರಿಯಾನಿ ತಿಂದೆ. ಭಾನುವಾರ ಮಲಗಿದೆ. ಇದಕ್ಕಿಂತ ಒಳ್ಳೆಯ ಕಾರಣ ನನ್ನ ಹತ್ತಿರ ಇಲ್ಲ.

ಸೋಮವಾರ ಮಧ್ಯಾಹ್ನದಿಂದ ಫೋನುಗಳು ಶುರುವಾದವು. ನಾನು ಅಭ್ಯಾಸದಂತೆ ಮೇಲಿನಿಂದಲೇ ಬಂದ್ ಅಂದೆ. ಆದರೆ ಪಕ್ಕದ ವಿಂಗಿನ ಮನೆಗಳಲ್ಲಿ ಟಿ.ವಿ., ನೆಟ್ ಎಲ್ಲ ಬರುತ್ತಿತ್ತು, ಜನಕ್ಕೂ ಕಣ್ಣಿದೆ. ಮಂಗಳವಾರ ಬಿಲ್ಡಿಂಗಿಗೆ ಹೋದಾಗ ಮೆಟ್ಟಿಲ ಮೇಲೆ ಅರ್ಧ ಬಿಲ್ಡಿಂಗೇ ನಿಂತಿತ್ತು. ಮನೆಯಿಂದಲೇ ಕೆಲಸ ಮಾಡುವ ಒಬ್ಬನಿಗೆ ಅವನ ಆಫೀಸಿನಲ್ಲಿ ಬೈದಿದ್ದರು. ಒಬ್ಬರ ಮಗಳ ಕಾಲೇಜಿನ ಫಾರ್ಮ್ ತುಂಬಲು ಅವತ್ತೇ ಕೊನೆಯ ದಿನ. ಮರಾಠಿಯಲ್ಲಿ, ಹಿಂದಿಯಲ್ಲಿ ಎಲ್ಲರೂ ಒಟ್ಟಿಗೆ ನನ್ನ ಮೈಮೇಲೆ ಬಂದರು. ಪದ್ಮಕ್ಕನ ಬಾಗಿಲಿಗೆ ಬೀಗ. ಆಗಲೇ ನನ್ನ ಬಾಯಿಂದ ಆ ಮಾತು ಬಿತ್ತು: ಅವರು ಹೇಳದೆ ಕೇಳದೆ ಮೇನ್ ಬಂದ್ ಮಾಡಿ ಹೋಗಿದ್ದಾರೆ, ನಾನೇನು ಮಾಡಲಿ?

ಜನ ತಕ್ಷಣ ನನ್ನನ್ನು ಬಿಟ್ಟರು. ನೀರಿನಿಂದ ತಲೆ ಮೇಲೆತ್ತಿದವನ ಹಾಗೆ ಉಸಿರು ಬಂತು. ಅಷ್ಟು ಸುಲಭವಾಗಿತ್ತು.

ಶೀನಣ್ಣ ಸುದ್ದಿ ಕೇಳಿ, ಹೋಟೆಲಿನ ಮಧ್ಯಾಹ್ನದ ಬಿಡುವಿನಲ್ಲಿ ಲೋಕಲ್ ರೈಲು ಹಿಡಿದು ಓಡಿ ಬಂದರು. ಬೀಗ ತೆಗೆದು, ಮೇನ್ ಹಾಕಿ, ಹೊರಗೆ ಬಂದು ಮೆಟ್ಟಿಲ ಮೇಲಿದ್ದವರಿಗೆಲ್ಲ ಕೈಮುಗಿದರು. ಕ್ಯಾಷಿನಲ್ಲಿ ಕೂತು ಇಪ್ಪತ್ತು ವರ್ಷ ಗಿರಾಕಿಗಳ ಮುಂದೆ ನಕ್ಕ ಮುಖ ಅದು. ಅವತ್ತು ನಗು ಬರಲಿಲ್ಲ. ಆಮೇಲೆ ನನ್ನನ್ನು ಬದಿಗೆ ಕರೆದು ತಗ್ಗಿದ ದನಿಯಲ್ಲಿ ಕೇಳಿದರು:

"ದಿನೇಶ, ಅವಳು ನಿನಗೆ ಫೋನ್ ಮಾಡಿ ಹೇಳಿದ್ದೇನೆ ಅಂತಾಳೆ. ಮಾಡಿದ್ಳಾ?"

ಎರಡು ಮೆಟ್ಟಿಲ ಕೆಳಗೆ ಆ ಕಾಲೇಜು ಹುಡುಗಿಯ ತಾಯಿ ನಿಂತಿದ್ದರು.

"ಇಲ್ಲ ಅಣ್ಣ," ಅಂದೆ.

ಡಬ್ಬದ ದೀಪ ಹಸಿರಾಯಿತು, ಹುಡುಗಿ ಫಾರ್ಮ್ ತುಂಬಿದಳು, ನಾನು ವಿಷಯ ಮುಗಿಯಿತು ಅಂದುಕೊಂಡೆ. ಕೇಬಲ್ಲಿನವನ ಬುದ್ಧಿ ಅಷ್ಟೇ. ದೀಪ ಹಸಿರಾದರೆ ನಮಗೆ ಎಲ್ಲವೂ ಸರಿ.

ಮಳೆಗಾಲದ ತಂಪಿಗೆ ಡಬ್ಬ ನಿಲ್ಲದೆ, ನಾನು ಆ ಕಡೆ ಹೋಗದೆ ಮೂರು ತಿಂಗಳಾಗಿರಬೇಕು. ಡಬ್ಬ ನಿಂತಿದೆ ಎಂದು ಹೋದಾಗ ಪದ್ಮಕ್ಕನ ಮನೆಯ ಗೋಡೆಯ ತುಂಬ ಚೀಟಿಗಳಿದ್ದವು. ಗ್ಯಾಸಿನ ಮೇಲೆ 'ಬಂದ್ ಮಾಡು'. ಬಾಗಿಲಿನ ಹಿಂದೆ 'ಬೀಗ ಎರಡು ಸಲ ಎಳೆದು ನೋಡು'. ಫೋನಿನ ಪಕ್ಕ ಒಂದು ನೋಟ್‌ಬುಕ್ಕು, ಯಾರಿಗೆ ಫೋನ್ ಮಾಡಿದೆ, ಎಷ್ಟು ಗಂಟೆಗೆ, ಏನು ಮಾತಾಡಿದೆ ಎಂದೆಲ್ಲ ಅದರಲ್ಲಿ ಬರೆದಿತ್ತು. ಮನೆಗೆಲಸಕ್ಕೆ ಯಾರಾದರೂ ಹೊಸಬರು ಬಂದಿದ್ದಾರೋ, ಚೀಟಿಗಳು ಅವರಿಗೋ ಎಂದು ಕೇಳಿದೆ.

"ನನಗೇ ಮಾರಾಯ," ಅಂದರು. "ನಿನಗೆ ಫೋನ್ ಮಾಡಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ನೆನಪುಂಟು. ಮಾಡ್ಲೇ ಇಲ್ಲ ಅಂತ ನೀನು ಹೇಳ್ತಿ. ಆಗದ್ದನ್ನು ಆಯ್ತು ಅಂತ ನೆನಪು ಮಾಡುವ ತಲೆ ಮತ್ತೆ ಎಂಥ ತಲೆ? ಡಾಕ್ಟ್ರು ಮಾತ್ರೆ ಕೊಟ್ಟಿದ್ದಾರೆ."

ನನ್ನ ಕೈಯಲ್ಲಿ ಚಾದ ಲೋಟ ಇತ್ತು. ಅವರು ಮಾತು ಮುಂದುವರಿಸಿದರು. ಸುಮಾ ಬಸುರಿ, ಏಳನೇ ತಿಂಗಳು. ಚೊಚ್ಚಲ ಹೆರಿಗೆ ತಾಯಿಯ ಮನೆಯಲ್ಲಿ ಆಗಬೇಕು, ಅದು ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಶೀನಣ್ಣ ಬೇಡ ಅನ್ನುತ್ತಿದ್ದಾರೆ. ಹಗಲಿಡೀ ಮನೆಯಲ್ಲಿ ಬಾಣಂತಿ, ಕೂಸು, ಜೊತೆಗೆ ಗ್ಯಾಸು ಮರೆಯುವ ಅಜ್ಜಿ. ಸುಮಾಳ ಅತ್ತೆಯ ಮನೆಯವರೂ ಸುದ್ದಿ ಕೇಳಿ, ಕಳಿಸುವುದಿಲ್ಲ ಅಂದಿದ್ದಾರಂತೆ.

"ಅವರದ್ದು ತಪ್ಪಲ್ಲ," ಅಂದರು ಪದ್ಮಕ್ಕ. "ಕೂಸನ್ನು ನನ್ನ ಕೈಗೆ ಕೊಡ್ಲಿಕ್ಕೆ ನನಗೇ ಹೆದರಿಕೆ."

ನೀವಾಗಿದ್ದರೆ ಆಗಲೇ ಹೇಳಿಬಿಡುತ್ತಿದ್ದಿರಿ. ನಾನು ಆ ಚಾ ಪೂರ್ತಿ ಕುಡಿದೆ. ಕವರು ಎತ್ತಿ ಡಬ್ಬಕ್ಕೆ ಗಾಳಿ ಹಾಕಿದೆ. ಅವರು ನೋಟ್‌ಬುಕ್ಕಿನಲ್ಲಿ 'ದಿನೇಶ ಬಂದ, ಡಬ್ಬ ಸರಿ ಮಾಡಿದ' ಎಂದು ಬರೆಯುವುದನ್ನು ನೋಡಿ, ಚಪ್ಪಲಿ ಹಾಕಿಕೊಂಡು ಇಳಿದು ಬಂದೆ. ಇಲ್ಲ ಎಂದ ದಿನಕ್ಕಿಂತ ಈ ದಿನವೇ ನನಗೆ ಹೆಚ್ಚು ನಾಚಿಕೆ. ಅವತ್ತು ಮೆಟ್ಟಿಲ ತುಂಬ ಜನ ಬೈಯುತ್ತಿದ್ದರು ಎನ್ನಬಹುದು. ಈ ದಿನ ಯಾರೂ ಬೈಯುತ್ತಿರಲಿಲ್ಲ.

ಆಮೇಲಿನ ಎರಡು ವಾರ ನಾನು ಹೋದ ಮನೆಯಲ್ಲೆಲ್ಲ ಗೋಡೆ ನೋಡುತ್ತಿದ್ದೆ. ಸೀವುಡ್ಸಿನಲ್ಲಿ ನಮ್ಮ ಸೇಠ್‌ನ ತಮ್ಮನ ಲೈನಿದೆ, ಅಲ್ಲಿಗೆ ಬದಲಾಯಿಸಿ ಕೊಡು ಎಂದೂ ಕೇಳಿದೆ. ಊರು ಬಿಟ್ಟರೆ ವಿಷಯವೂ ಬಿಡುತ್ತದೆ ಎಂದು. ಸೇಠ್ ಕೊಡಲಿಲ್ಲ. ಕೊಟ್ಟಿದ್ದರೆ ಈ ಬರಹ ಇರುತ್ತಿರಲಿಲ್ಲ, ನಾನು ಅಂಥವನೇ.

ಶೀನಣ್ಣನಿಗೆ ಬುಧವಾರ ರಜೆ. ಆ ದಿನ ನೋಡಿ ಹೋದೆ. ಅವರು ಪೇಪರ್ ಓದುತ್ತಿದ್ದರು. ಪದ್ಮಕ್ಕ ಅಡುಗೆಮನೆಯಲ್ಲಿದ್ದರು. ಶೀನಣ್ಣ ಕೂರು ಅಂದರು, ನಾನು ಕೂರಲಿಲ್ಲ.

"ಅಣ್ಣ, ಅಕ್ಕ ಫೋನ್ ಮಾಡಿದ್ರು."

"ಈಗಲಾ? ಎಂತಕ್ಕೆ?"

"ಈಗ ಅಲ್ಲ. ಆಗ, ಊರಿಗೆ ಹೋಗುವ ಮೊದಲು. ನಾನು ಸುಳ್ಳು ಹೇಳಿದ್ದು."

ಅವರು ಪೇಪರನ್ನು ಮಡಚಿದರು. ಯಾಕೆ ಎಂದು ಕೇಳಿದರು. ಎಲ್ಲರೂ ಬೈಯುತ್ತಿದ್ದರು ಅಂದೆ. ಅಷ್ಟು ದಿನ ನನ್ನೊಳಗೆ ದೊಡ್ಡ ಕಾರಣದ ಹಾಗೆ ಇದ್ದ ಆ ಮಾತು ಬಾಯಿಂದ ಹೊರಗೆ ಬಂದಾಗ ಎಷ್ಟು ಸಣ್ಣದಾಗಿ ಕೇಳಿತೆಂದರೆ, ಇನ್ನೊಮ್ಮೆ ಹೇಳಲು ಆಗಲಿಲ್ಲ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಪದ್ಮಕ್ಕ ಸೆರಗಿಗೆ ಕೈ ಒರೆಸುತ್ತ ಬಾಗಿಲಲ್ಲಿ ಬಂದು ನಿಂತರು. ನನ್ನನ್ನು ನೋಡಿ, ಮೇಷ್ಟ್ರು ಪಾಠ ಒಪ್ಪಿಸಿಕೊಳ್ಳುವ ಹಾಗೆ ಕೇಳಿದರು:

"ಎಂತ ಹೇಳಿದ್ದೆ ನಾನು ಫೋನಲ್ಲಿ?"

"ಸೋಮವಾರ ಹೊರಡ್ತೇನೆ, ಹತ್ತು ದಿನ ಇಲ್ಲ ಅಂದ್ರಿ. ಅವರು ಹೋಟೆಲಲ್ಲೇ ಮಲಗ್ತಾರೆ ಅಂದ್ರಿ. ಮೇನ್ ಬಂದ್ ಮಾಡದಿದ್ರೆ ನಿದ್ದೆ ಬರುದಿಲ್ಲ, ಡಬ್ಬ ಬೇರೆ ಕಡೆ ಇಡು ಅಂದ್ರಿ. ಎರಡು ಸಲ."

"ಮತ್ತೆ?"

"ಹಲಸಿನ ಹಪ್ಪಳ ತರ್ಲಾ ಕೇಳಿದ್ರಿ."

"ನೀನೆಂತ ಹೇಳಿದಿ?"

"ತನ್ನಿ ಅಂದೆ."

ಅವರು ಒಂದೊಂದಕ್ಕೂ ತಲೆಯಾಡಿಸುತ್ತಿದ್ದರು. ನನಗಲ್ಲ, ತಮಗೆ ತಾವೇ. ಆಮೇಲೆ ಗಂಡನ ಕಡೆ ತಿರುಗಿದರು.

"ಕೇಳಿತಾ? ಎರಡು ಸಲ ಹೇಳಿದ್ದೇನೆ."

ಶೀನಣ್ಣ ನನಗೆ ಹೊಡೆಯುತ್ತಾರೆ ಎಂದು ಕಾದೆ. ಹೊಡೆದಿದ್ದರೆ ಒಳ್ಳೆಯದಿತ್ತು. ಅವರು ಹೆಂಡತಿಯ ಮುಖವನ್ನೂ ನೋಡಲಾಗದೆ, ನನ್ನದನ್ನೂ ನೋಡಲಾಗದೆ, ನೆಲ ನೋಡುತ್ತ ಕೂತರು.

"ಸುಮನ ಅತ್ತೆಗೆ ಫೋನ್ ಮಾಡಿ," ಅಂದರು ಪದ್ಮಕ್ಕ.

"ಮಾಡ್ತೇನೆ."

"ಈಗ ಮಾಡಿ. ಇವನು ಇಲ್ಲೇ ಇರ್ಲಿ. ಅವರಿಗೆ ಸಂಶಯ ಬಂದ್ರೆ ಇವನೇ ಹೇಳ್ಲಿ."

ಅವರಿಗೆ ಸಂಶಯ ಬಂತು. ನಾನೇ ಹೇಳಿದೆ. ಎಂದೂ ನೋಡದ ಒಬ್ಬ ಹೆಂಗಸಿಗೆ, ಐನೂರು ಮೈಲಿಗಿಂತ ಆಚೆ, ನಾನು ಸುಳ್ಳ ಎಂದು ಫೋನಿನಲ್ಲಿ ವಿವರಿಸಿದೆ. ಆ ಹೆಂಗಸು ಎಲ್ಲ ಕೇಳಿ ಫೋನನ್ನು ಪದ್ಮಕ್ಕನಿಗೆ ಕೊಡು ಅಂದರು. ಪದ್ಮಕ್ಕ ಹೂಂ, ಹೂಂ ಅಂದರು. ಕೊನೆಗೆ, ಶುಕ್ರವಾರ ಒಳ್ಳೆಯ ದಿನ, ಹಾಗೇ ಮಾಡಿ, ಕರೆದುಕೊಂಡು ಬನ್ನಿ ಅಂದರು. ಫೋನ್ ಇಟ್ಟ ಮೇಲೆ ಅವರ ಕೈ ಪಕ್ಕದ ನೋಟ್‌ಬುಕ್ಕಿನತ್ತ ಹೋಯಿತು, ಅರ್ಧಕ್ಕೆ ನಿಂತಿತು. ಬರೆಯಲಿಲ್ಲ.

ನಾನು ಕ್ಷಮಿಸಿ ಅಕ್ಕ ಅಂದೆ. ಅವರು ಬಾಲ್ಕನಿ ತೋರಿಸಿ, "ಅದನ್ನು ತೆಗಿ," ಅಂದರು.

ತೆಗೆದೆ. ನಾಲ್ಕು ಸ್ಕ್ರೂ ಬಿಚ್ಚಿ, ವೈರು ಕಿತ್ತು, ಡಬ್ಬ ಹಿಡಿದು ಹೊರಗೆ ಬಂದೆ. ದಿಂಬಿನ ಕವರನ್ನು ಅವರು ಬಾಗಿಲಲ್ಲೇ ಬಿಚ್ಚಿಕೊಂಡರು. ಹದಿನಾರು ಮನೆಯ ಟಿ.ವಿ. ಒಟ್ಟಿಗೆ ನಿಂತಿತು. ಕಿಸೆಯಲ್ಲಿ ಫೋನ್ ಹೊಡೆದುಕೊಳ್ಳತೊಡಗಿತು. ಡಬ್ಬಕ್ಕೆ ಬೇರೆ ಮನೆ ಬೇಕಲ್ಲ? ನಾಲ್ಕನೇ ಮಹಡಿಗೆ ಹತ್ತಿ ಒಂದು ಬಾಗಿಲು ತಟ್ಟಿದೆ. ಪುಕ್ಕಟೆ ಕೇಬಲ್ ಎಂದ ಕೂಡಲೇ ಅಲ್ಲಿಯ ಹೆಂಗಸಿನ ಮುಖ ಅರಳಿತು. ಆದರೆ ಮೂರನೇ ಮಹಡಿಯವರು ಯಾಕೆ ಬೇಡವೆಂದರು ಎಂದು ಮರಾಠಿಯಲ್ಲಿ ಕೇಳಿದರು. ಅಲ್ಲಿ ಬಾಲ್ಕನಿ ಸೋರುತ್ತದೆ ಎಂದು ಹೇಳಬಹುದಿತ್ತು, ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡು, ನನಗೆ ಬರುವ ಹರಕು ಮರಾಠಿಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಗಂಡನನ್ನು ಕೇಳಿ ಹೇಳುತ್ತೇನೆ ಎಂದು ಬಾಗಿಲು ಹಾಕಿಕೊಂಡರು.

ಎದುರಿನ ಮನೆ ರೈಲ್ವೆಯಿಂದ ರಿಟೈರ್ ಆದ ದೇಸಾಯಿ ಕಾಕಾನದ್ದು. ಧಾರವಾಡದ ಕಡೆಯವರು. ಪದ್ಮಕ್ಕನಿಗೆ ಹೀಗಾಯಿತಂತೆ ಎಂದು ಬಿಲ್ಡಿಂಗಿನಲ್ಲಿ ಎಲ್ಲರಿಗಿಂತ ಹೆಚ್ಚು ಮರುಗಿದವರು ಅವರೇ. ನಾನು ಹೇಳಿದ್ದನ್ನೆಲ್ಲ ಕನ್ನಡಕ ತೆಗೆದು ಹಿಡಿದುಕೊಂಡು ಕೇಳಿದರು.

"ಹಂಗಾರ ನಮ್ಮನ್ಯಾಗ ಬ್ಯಾಡೋ ತಮ್ಮಾ," ಅಂದರು. "ನಾಳೆ ನನ್ನ ಹೆಸರೂ ಹೇಳ್ತಿ ನೀ."

ದನಿಯಲ್ಲಿ ಸಿಟ್ಟಿರಲಿಲ್ಲ. ಮೋಡೆಮ್ ಕೆಟ್ಟಿದೆ ಎಂದು ನಾನು ಗಿರಾಕಿಗಳಿಗೆ ಹೇಳುವ ಹಾಗೆಯೇ ಹೇಳಿದರು. ಹೌದು ಕಾಕಾ ಅಂದೆ. ಡಬ್ಬವನ್ನು ಕಂಕುಳಲ್ಲಿ ಇಟ್ಟುಕೊಂಡು ಮುಂದಿನ ಮನೆಯ ಬೆಲ್ ಒತ್ತಿದೆ. ಟಿ.ವಿ. ನಿಂತುಹೋಗಿದ್ದರಿಂದ ಒಳಗಿನವರಿಗೆ ನೋಡಲು ಏನೂ ಇರಲಿಲ್ಲ. ಬಾಗಿಲು ಬೇಗ ತೆರೆಯಿತು.